ಅನ್ಯಗ್ರಹದವರು ಪಾಳ್ಯಕ್ಕೆ ಬಂದರೆ

ಆಶಾವಾದಿ: ಮುಂದೊಂದು ದಿನ ಮನುಷ್ಯರು ನೂರಾರು ಅನ್ಯಜೀವಿಗಳ ಜೊತೆ ಒಂದೇ ಮನೆಯವರಂತೆ ಬಾಳುತ್ತಾರೆ ಸ್ವಾಮಿ!

ಬರಹಗಾರ: ಬಾಳಲಿ, ಬೇಡ ಅಂದವರಾರು? 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆ ಹೊತ್ತೊಯ್ದ ಚಿನ್ನದ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯವಿದೆ, ಕನ್ನಡವೂ ಸೇರಿ. ಮಾತಿಗೇನು ಬರ? ನಡತೆ ನೋಡಬೇಕೆಂದರೆ ನಕ್ಷತ್ರದವರೆಗೆ ಹೋಗಬೇಕಿಲ್ಲ, ಹಾಸನ ಜಿಲ್ಲೆಯ ಆಲೂರು ಬಳಿಯ ಪಾಳ್ಯದಲ್ಲಿ ಬಸ್ಸಿಳಿದರೆ ಸಾಕು. ಬುದ್ಧಿ, ನೆನಪು, ಬಂಧುಬಳಗ ಎಲ್ಲ ಇರುವ ಬೇರೊಂದು ಜೀವಿ ಇಲ್ಲಿ ಹಗಲೆಲ್ಲ ಕಾಫಿ ತೋಟದಲ್ಲಿ ನಿಂತು, ಕತ್ತಲಾದ ಮೇಲೆ ಗದ್ದೆಗಿಳಿಯುತ್ತದೆ. ನಮ್ಮ ರಾಜತಾಂತ್ರಿಕತೆ? ಪಟಾಕಿ, ಸೋಲಾರ್ ಬೇಲಿ. ಅದರ ಉತ್ತರ, ಒಂದು ಮರ ಉರುಳಿಸಿ ತಂತಿಯ ಮೇಲೆ ಕೆಡವುವುದು. ಹೈಕೋರ್ಟ್ ನೇಮಿಸಿದ ಆನೆ ಕಾರ್ಯಪಡೆ ಸಲಹೆ ಕೊಟ್ಟ ಮೇಲೆ 2014ರಲ್ಲಿ ಆಲೂರಿನ ಸುತ್ತ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದೆವು; ಖಾಲಿಯಾದ ಜಾಗಕ್ಕೆ ಬೇರೆಯವು ಬಂದವು.

ಆಶಾವಾದಿ: ಜನ ಸಾಯುತ್ತಿರುವಾಗ ಇದೆಂಥ ತಮಾಷೆ? ಆನೆಯೇನು ಅನ್ಯಗ್ರಹದ್ದೇ?

ಬರಹಗಾರ: ನಸುಕಿನಲ್ಲಿ ತೋಟದ ಕೆಲಸಕ್ಕೆ ಹೊರಟವಳ ಪ್ರಾಣ ಖಂಡಿತ ತಮಾಷೆಯಲ್ಲ. ಅವಳನ್ನು ಕಾಯುವುದು ಘೋಷಣೆಗಿಂತ ಹೆಚ್ಚಾಗಿ, ಆನೆ ಇಂದು ಎಲ್ಲಿದೆ ಎಂದು ಮೊಬೈಲಿಗೆ ಬರುವ ಒಂದು ಸಾಲಿನ ಸಂದೇಶ. ಎದುರಿನವರ ಇರವು ತಿಳಿದು ದಾರಿ ಬಿಡುವುದಷ್ಟೇ ಕೂಡಿ ಬಾಳುವ ಗುಟ್ಟು. ಇನ್ನು ಅನ್ಯರು ಯಾರು? ಕಾಫಿ ಗಿಡವೇ ಅರಬರ ನಾಡಿನಿಂದ ಬಂದದ್ದು, ಆನೆ ಎಲ್ಲಿಂದಲೂ ಬರಲಿಲ್ಲ. ಆದರೂ ಅದನ್ನು ಹಿಡಿಯಲು ಅದರ ಕುಲದವನನ್ನೇ ಕಳಿಸುತ್ತೇವೆ: ಮೈಸೂರು ದಸರೆಯಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಸಾಕಾನೆ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರು ಕಡೆ ಕಾಡಾನೆಯೊಡನೆ ಕಾದಾಡಿ ಸತ್ತ.

ಆಶಾವಾದಿ: ಹಾಗಾದರೆ ಅನ್ಯಗ್ರಹದವರು ಬರುವುದೇ ಬೇಡವೇ?

ಬರಹಗಾರ: ಬರಲಿ. ಪಹಣಿ ತಂದಿದ್ದಾರೆಯೇ ಕೇಳಿ.