ಗಂಡುಮುಖ ಮಹಾತ್ಮೆ

ದಾವಣಗೆರೆ ಸೀಮೆಯ ಗಂಡಸರ ಮೇಲೆ ಹಿಂದಿನಿಂದಲೂ ಒಂದು ಅಪವಾದವಿತ್ತು: ಇವರು ಹೊಲ ನೋಡುತ್ತಾರೆ, ದನ ನೋಡುತ್ತಾರೆ, ಪಹಣಿ ನೋಡುತ್ತಾರೆ, ಕನ್ನಡಿ ಮಾತ್ರ ನೋಡುವುದಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಈಗಿನ ತಲೆಮಾರು ಆ ಕಳಂಕವನ್ನು ತೊಳೆದುಹಾಕಿದೆ. ಬರೀ ತೊಳೆದಿಲ್ಲ, ಸ್ಕ್ರಬ್ ಹಾಕಿ ತಿಕ್ಕಿ, ಹಬೆ ಕೊಟ್ಟು, ಪ್ಯಾಕ್ ಬಳಿದು, ಟಿಶ್ಯೂ ಕಾಗದದಲ್ಲಿ ಒರೆಸಿದೆ. 1997ರಲ್ಲಿ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಯನ್ನೂ ಚಿತ್ರದುರ್ಗದಿಂದ ಜಗಳೂರನ್ನೂ ಬಿಡಿಸಿ ತಂದು ದಾವಣಗೆರೆ ಜಿಲ್ಲೆ ಕಟ್ಟಿದಾಗ, ಅಡಿಕೆ ತೋಟದವನಿಗೂ ಮಳೆ ಕಾಯುವ ಎರೆಹೊಲದವನಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದಿತ್ತು. ಈಗ ಉತ್ತರ ಸಿಕ್ಕಿದೆ. ನಾಲ್ಕೂ ಕಡೆ ಕೆನ್ನೆಯಿಂದ ಕಿವಿಯವರೆಗೆ ಟ್ರಿಮ್ಮರ್ ಎಳೆದ ಗೆರೆ ಒಂದೇ. ಜಿಲ್ಲೆಯನ್ನು ಒಗ್ಗೂಡಿಸಿದ ಕೀರ್ತಿ ಆ ಗೆರೆಗೇ ಸಲ್ಲಬೇಕು.

ಹಿಂದಿನವರ ಅನಾಗರಿಕತೆಯನ್ನು ಒಮ್ಮೆ ನೆನೆದರೆ ಇಂದಿನವರ ಸಾಧನೆಯ ಎತ್ತರ ತಿಳಿಯುತ್ತದೆ. ಆಗ ಬೇವಿನ ಮರದ ಕೆಳಗೆ ಕ್ಷೌರಿಕ ತನ್ನ ಹಡಪ ಬಿಚ್ಚುತ್ತಿದ್ದ. ಚರ್ಮದ ಪಟ್ಟಿಗೆ ಕತ್ತಿ ಮಸೆದು, ಬಟ್ಟಲಿನ ತಣ್ಣೀರನ್ನು ಗಲ್ಲಕ್ಕೆ ತಟ್ಟಿ, ಗಿರಾಕಿಯ ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುವಿ ಕೆಲಸ ಮುಗಿಸುತ್ತಿದ್ದ. ರಕ್ತ ಬಂದರೆ ಪಟಿಕ, ಜಾಸ್ತಿ ಬಂದರೆ ಇನ್ನಷ್ಟು ಪಟಿಕ. ಕೂಲಿ ಸುಗ್ಗಿಯಲ್ಲಿ, ಕಣದ ಹತ್ತಿರ ಉಳಿದ ಆಯಗಾರರ ಜೊತೆ ನಿಂತಾಗ ಅಳೆದು ಹಾಕಿದಷ್ಟು ಕಾಳು. ಬೋಳಿಸಿಕೊಂಡವನು ನೇರ ಮನೆಯೊಳಗೆ ಕಾಲಿಡುವಂತಿರಲಿಲ್ಲ. ಹಿತ್ತಲಿನಿಂದ ಬಚ್ಚಲಿಗೆ ಹೋಗಿ, ತಲೆಗೆ ನೀರು ಹುಯ್ದುಕೊಂಡ ಮೇಲೆಯೇ ಅಡುಗೆಮನೆಯ ಹೊಸ್ತಿಲು ದಾಟಬೇಕು. ಈಗ ಅದೇ ಕಾಯಕದ ಕೈಗಳು ಮುಕ್ಕಾಲು ಗಂಟೆ ಕಾಲ ಹಣೆ, ಕೆನ್ನೆ, ಕತ್ತು ಎಲ್ಲವನ್ನೂ ಉಜ್ಜುತ್ತವೆ. ಉಜ್ಜಿಸಿಕೊಂಡವನು ನೇರ ಬಂದು ಊಟಕ್ಕೆ ಕೂರುತ್ತಾನೆ. ಹನ್ನೆರಡನೆಯ ಶತಮಾನದ ಶರಣರು ಹೇಳಿ ಹೇಳಿ ಸುಸ್ತಾದ ಕೆಲಸವಿದು. ಕೊನೆಗೂ ಆ ಮಡಿ ಬಿಟ್ಟುಹೋದದ್ದು ಫೇಶಿಯಲ್ ಆದ ಮೇಲೆ ಸ್ವಲ್ಪ ಹೊತ್ತು ಮುಖಕ್ಕೆ ನೀರು ತಾಗಿಸಬಾರದು ಎಂಬ ಸೂಚನೆಯಿಂದ.

ಹಾಗೆಂದು ನಾವು ಶರಣರನ್ನು ಮರೆತಿದ್ದೇವೆಂದು ಯಾರೂ ಭಾವಿಸಬಾರದು. ಆಷಾಢ ಹುಣ್ಣಿಮೆಗೆ ಹಡಪದ ಅಪ್ಪಣ್ಣನವರ ಜಯಂತಿ ಇದ್ದೇ ಇದೆ. ಫೋಟೊಗೆ ಹಾರ, ಕಾಯಕದ ಮೇಲೆ ಭಾಷಣ, ಎಲ್ಲರಿಗೂ ಉಪ್ಪಿಟ್ಟು, ಚಹಾ. ಅಂದೇ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಯಾರ ಮೇಲಾದರೂ ಸಿಟ್ಟು ಬಂದರೆ, ಬೈಯಲು ಬಾಯಿಗೆ ಬರುವುದೂ ಆ ಕಾಯಕದ ಹೆಸರೇ. ಒಂದೇ ದಿನ ಎರಡು ಸಲ ಸ್ಮರಿಸುವ ಭಾಗ್ಯ ಬೇರೆ ಯಾವ ಕಾಯಕಕ್ಕಿದೆ? ಇನ್ನು ಸಲೂನಿನ ಕುರ್ಚಿಯ ಸಮಾನತೆಯ ಬಗ್ಗೆ ಎಷ್ಟು ಹೊಗಳಿದರೂ ಕಡಿಮೆ. ಗೌಡರು ಬರಲಿ, ಗುಮಾಸ್ತರು ಬರಲಿ, ಅದೇ ಕುರ್ಚಿ, ಅದೇ ಬಿಳಿ ಬಟ್ಟೆ. ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ 2020ರಲ್ಲಿ ದಲಿತರ ತಲೆಕೂದಲು ಕತ್ತರಿಸಿದ್ದಕ್ಕೆ ಕ್ಷೌರಿಕನ ಕುಟುಂಬಕ್ಕೇ ಬಹಿಷ್ಕಾರ ಹಾಕಿ ದಂಡ ಕೇಳಿದರಂತೆ ಎಂದು ಪತ್ರಿಕೆಗಳಲ್ಲಿ ಬಂದಿತ್ತು. ಕೊಪ್ಪಳ ಜಿಲ್ಲೆಯಿಂದಲೂ ಇಂಥದೇ ಸುದ್ದಿಗಳು ಬರುತ್ತಿರುತ್ತವೆ. ಚರ್ಮದ ಬಗ್ಗೆ ನಾಡಿಗೆ ನಾಡೇ ಇಷ್ಟು ಸೂಕ್ಷ್ಮವಾಗಿದೆ ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ.

ಅದೇ 2020ರಲ್ಲಿ ಲಾಕ್‌ಡೌನ್ ಬಂತು. ಅಂಗಡಿಗಳು ಮುಚ್ಚಿದವು, ಗಂಡಸರಿಗೆಲ್ಲ ದೇವರು ಕೊಟ್ಟ ನಿಜಮುಖ ಏನೆಂಬುದು ಮನೆಮಂದಿಗೆ ಗೊತ್ತಾಯಿತು. ಆಗ ರಾಜ್ಯ ಸರ್ಕಾರ ಸುಮಾರು 2.30 ಲಕ್ಷ ಕ್ಷೌರಿಕರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಿತು. ಒಂದು ಸಲಕ್ಕೆ, ಒಟ್ಟು. ಅಷ್ಟು ದುಡ್ಡಿಗೆ ಈಗ ನಮ್ಮ ಹುಡುಗರು ಮದುವೆಯ ಪ್ಯಾಕೇಜ್ ಮಾಡಿಸಿಕೊಳ್ಳುತ್ತಾರೆ.

ತಾಲ್ಲೂಕುವಾರು ಸ್ತುತಿಗೆ ಬರೋಣ. ಚನ್ನಗಿರಿಗೆ ಮೊದಲ ಮಣೆ. ಕಾರಿಗನೂರಿನಿಂದ ಜೆ.ಎಚ್. ಪಟೇಲರನ್ನು ಮುಖ್ಯಮಂತ್ರಿಯಾಗಿ ಕಳಿಸಿದ ತಾಲ್ಲೂಕು, ಸೂಳೆಕೆರೆಯಂಥ ನೀರಿನ ಕನ್ನಡಿಯನ್ನು ಶತಮಾನಗಳಿಂದ ಇಟ್ಟುಕೊಂಡ ತಾಲ್ಲೂಕು. ಇಲ್ಲಿನವರಿಗೆ ಸೌಂದರ್ಯಶಾಸ್ತ್ರವನ್ನು ಹೊರಗಿನವರು ಬಂದು ಕಲಿಸಬೇಕಾಗಿರಲಿಲ್ಲ. ಹಸಿ ಅಡಿಕೆಯನ್ನು ಏನು ಮಾಡುತ್ತಾರೆ? ಸಿಪ್ಪೆ ಸುಲಿಯುತ್ತಾರೆ, ಹಂಡೆಯಲ್ಲಿ ಬೇಯಿಸುತ್ತಾರೆ, ಚೊಗರು ಹಾಕಿ ಕೆಂಪು ಬಣ್ಣ ಏರಿಸುತ್ತಾರೆ, ಬಿಸಿಲಿಗೆ ಹರವುತ್ತಾರೆ, ಆಮೇಲೆ ಆರಿಸಿ ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆ ಮಾಡಿ ಮಾರುಕಟ್ಟೆಗೆ ಒಯ್ಯುತ್ತಾರೆ. ಫೇಶಿಯಲ್ ಎಂದರೆ ಇದೇ ತಾನೆ? ಸತ್ತ ಚರ್ಮ ಸುಲಿ, ಹಬೆಯಲ್ಲಿ ಬೇಯಿಸು, ಬಣ್ಣ ಹಚ್ಚು, ಒಣಗಲು ಬಿಡು, ಮಾರುಕಟ್ಟೆಗೆ ಒಯ್ಯಿ. ವ್ಯತ್ಯಾಸ ಒಂದೇ. ಅಡಿಕೆಯ ಧಾರಣೆ ಕ್ವಿಂಟಲ್‌ಗೆ ಅರ್ಧ ಲಕ್ಷ ದಾಟಿದ ವರ್ಷಗಳಲ್ಲೂ ಅದನ್ನು ಬೆಳೆದ ಮುಖದ ಧಾರಣೆ ಏರಲಿಲ್ಲ. ಆದ್ದರಿಂದಲೇ ಅಡಿಕೆಯ ದುಡ್ಡನ್ನು ಮುಖಕ್ಕೆ ಹೂಡುವ ದೂರದೃಷ್ಟಿ ಹುಟ್ಟಿತು. ಸುಲಿಯುವ ಕೆಲಸ ಕೂಲಿ ಹೆಂಗಸರದ್ದು. ಅವರ ಬೆರಳಿಗೆ ಹತ್ತಿದ ಚೊಗರಿನ ಕಪ್ಪು ಸೀಸನ್ ಮುಗಿದರೂ ಬಿಡುವುದಿಲ್ಲ, ಅದನ್ನು ತೆಗೆಯುವ ಕ್ರೀಮನ್ನು ಯಾರೂ ಜಾಹೀರಾತು ಮಾಡಿಲ್ಲ. ಇರಲಿ, ಇದು ಗಂಡಸರ ಲೇಖನ.

ಹೊನ್ನಾಳಿಯಲ್ಲಿ ಶೃಂಗಾರದ ಪರಂಪರೆ ಇನ್ನೂ ಘನವಾದದ್ದು, ಆದರೆ ಅದು ಬಹುಕಾಲ ತಪ್ಪು ಪ್ರಾಣಿಗೆ ಸಲ್ಲುತ್ತಿತ್ತು. ದೀಪಾವಳಿ ಕಳೆದ ಮೇಲೆ ಹೋರಿ ಬೆದರಿಸುವ ಹಬ್ಬಕ್ಕೆ ಹೋರಿಯ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊಬ್ಬರಿ ಹಾರ, ಬಲೂನು, ಜೂಲು ಎಲ್ಲ ಕಟ್ಟಿ, ಅಖಾಡಕ್ಕೆ ಬಿಡುತ್ತಿದ್ದ ಮಾಲೀಕನ ಮೈಮೇಲೆ ಇರುತ್ತಿದ್ದುದು ಸಗಣಿ ಮೆತ್ತಿದ ಲುಂಗಿ, ಹತ್ತು ದಿನದ ಗಡ್ಡ. ಜನ ಹೋರಿಯ ಹೆಸರು ಹೇಳಿ ಶಿಳ್ಳೆ ಹೊಡೆಯುತ್ತಿದ್ದರು. ಮಾಲೀಕನ ಹೆಸರು ಯಾರಿಗೂ ಬೇಕಿರಲಿಲ್ಲ. ಆ ಅನ್ಯಾಯ ಈಗ ಸರಿಹೋಗಿದೆ. ಹಬ್ಬದ ಹಿಂದಿನ ರಾತ್ರಿ ಸಲೂನಿನಲ್ಲಿ ಕೂರಲು ಜಾಗವಿರುವುದಿಲ್ಲ. ಹೋರಿ ಹಿಡಿಯುವವನೂ ಹೇರ್ ಸ್ಪ್ರೇ ಹೊಡೆದುಕೊಂಡೇ ಬರುತ್ತಾನೆ, ಕೊಬ್ಬರಿ ಕೀಳಲು ಹೋಗಿ ಹೋರಿ ತಿವಿದರೂ ಕೂದಲು ಅಲ್ಲಾಡುವುದಿಲ್ಲ. ತುಂಗಭದ್ರೆಯ ದಂಡೆಯ ಊರು ನೋಡಿ, ನೀರಿಗೆ ಬರವಿಲ್ಲ, ನೊರೆಗೂ ಬರವಿಲ್ಲ.

ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಮೊನ್ನೆ ಮೊನ್ನೆ. 2017ರ ಬಜೆಟ್ಟಿನಲ್ಲಿ ಹೆಸರು ಬಂತು. ತಾಲ್ಲೂಕೆಂದರೆ ಇಂತಿಂಥ ಕಚೇರಿ ಇರಬೇಕೆಂದು ಸರ್ಕಾರ ಪಟ್ಟಿ ಮಾಡಿ, ಕಟ್ಟಡ ಹುಡುಕಿ, ಸಿಬ್ಬಂದಿ ಕೊಡಬೇಕು. ಸಲೂನುಗಳು ಯಾವ ಆದೇಶಕ್ಕೂ ಕಾಯಲಿಲ್ಲ. ಅಲ್ಲಿ ಟೋಕನ್ ಇಲ್ಲ, ಸರ್ವರ್ ಡೌನ್ ಆಗುವುದಿಲ್ಲ, ಮಂಗಳವಾರವೊಂದು ಬಿಟ್ಟರೆ ಎಲ್ಲ ದಿನವೂ ಸೇವೆ. ‘ಅಣ್ಣಾ, ಶೇವಿಂಗಾ, ಟ್ರಿಮ್ ಹೊಡೀಲಾ?’ ಎಂದು ಕೇಳಿ, ಕಣ್ಣೆದುರೇ ಹೊಸ ಬ್ಲೇಡಿನ ಕಾಗದ ಬಿಚ್ಚಿ ಲಟಕ್ಕನೆ ಎರಡು ಹೋಳು ಮಾಡುವ ಪಾರದರ್ಶಕತೆ ಬೇರೆ ಯಾವ ಇಲಾಖೆಯಲ್ಲಿದೆ? ಇನ್ನರ್ಧ ಎಲ್ಲಿ ಹೋಯಿತು ಎಂದು ಲೆಕ್ಕ ಕೇಳಬಾರದು, ಅಷ್ಟೇ. ಕಿಂಗ್ ಕ್ಯಾಂಪ್ ಜಿಲೆಟ್ ಎಂಬ ಅಮೆರಿಕದವನು 1903ರಲ್ಲಿ ಬಳಸಿ ಬಿಸಾಡುವ ಬ್ಲೇಡನ್ನು ಮಾರಲು ಶುರುಮಾಡಿದಾಗ, ಅದನ್ನು ಮುರಿದು ಇಬ್ಬರಿಗೆ ಹಂಚುವ ಜಾಣರು ನಮ್ಮಲ್ಲಿ ಹುಟ್ಟುತ್ತಾರೆಂದು ಊಹಿಸಿರಲಾರ.

ಜಗಳೂರಿನವರ ಸಾಧನೆಗೆ ಮಾತ್ರ ನಾನು ಎದ್ದು ನಿಂತು ಕೈಮುಗಿಯುತ್ತೇನೆ. ಉಳಿದವರಿಗೆ ನೀರಿತ್ತು. ಇಲ್ಲಿ ಮಳೆ ಅಪರೂಪ, ಕೊಳವೆಬಾವಿ ಆಳ, ಬಂದ ನೀರಿನಲ್ಲಿ ಫ್ಲೋರೈಡು. ಗಡಸು ನೀರಿಗೆ ಶೇವಿಂಗ್ ಸೋಪು ಹಾಕಿ ಎಷ್ಟು ತಿಕ್ಕಿದರೂ ನೊರೆ ಏಳುವುದಿಲ್ಲ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪನ್ನು ಹಿಡಿದು ಬಿಳಿ ಗಸಿ ಮಾಡಿಬಿಡುತ್ತವೆ. ಅಂಥ ಊರಿನ ಗಂಡಸು ಧೃತಿಗೆಡದೆ ಮಾಯಿಶ್ಚರೈಸರ್ ಕೊಂಡ. ನೆಲಕ್ಕೆ ತೇವ ತರಲು ಎಷ್ಟು ಓಡಾಟ! ತುಂಗಭದ್ರೆಯಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆಗೆ ಮಠ, ಸರ್ಕಾರ, ಪೈಪು, ಪಂಪು ಎಲ್ಲ ಕೂಡಬೇಕಾಯಿತು. ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಎಂದು ಓದಿ ಹೇಳಿದ್ದನ್ನು ಕೇಳಿ ಜನ ಚಪ್ಪಾಳೆ ತಟ್ಟಿ, ಕಾಯುತ್ತಾ ಕುಳಿತರು. ಮುಖಕ್ಕೆ ಅಷ್ಟೆಲ್ಲ ತಾಪತ್ರಯವಿಲ್ಲ. ಒಂದು ಟ್ಯೂಬು, ಬೆರಳ ತುದಿಯಲ್ಲಿ ಒಂದಿಷ್ಟು, ಕೆನ್ನೆಗೆ ಪೂರ್ತಿ ನೀರಾವರಿ. ತಾಲ್ಲೂಕಿನಲ್ಲಿ ಖಾತ್ರಿಯಾಗಿ ತೇವ ನಿಲ್ಲುವ ಜಾಗ ಅದೊಂದೇ. ಬೆಳೆಯೂ ಚೆನ್ನಾಗಿದೆ: ಗಡ್ಡ.

ಗಡ್ಡದ ಮಾತು ಬಂತು. ಮೊದಲೆಲ್ಲ ನಮ್ಮ ಕಡೆ ಗಡ್ಡ ಬಿಟ್ಟವನನ್ನು ಕಂಡರೆ ‘ಯಾಕಪ್ಪಾ, ಮನ್ಯಾಗೆ ಏನಾತು?’ ಎಂದು ಕೇಳುತ್ತಿದ್ದರು. ಗಡ್ಡಕ್ಕೆ ಕಾರಣ ಬೇಕಿತ್ತು: ಸಾವು, ಹರಕೆ, ಹೆಂಡತಿಯ ಬಸಿರು, ಇಲ್ಲವೇ ಪ್ರೇಮವೈಫಲ್ಯ. 2018ರ ಡಿಸೆಂಬರಿನಲ್ಲಿ ‘ಕೆಜಿಎಫ್’ ಬಂತು, ಯಶ್ ಅವರ ಗಡ್ಡ ಬಂತು, ಕಾರಣ ಕೇಳುವ ಪದ್ಧತಿ ಹೋಯಿತು. ಗಡ್ಡ ಬಾರದ ಹುಡುಗರ ಕಷ್ಟ ಮಾತ್ರ ಹೇಳತೀರದು. ಅವರಿಗಾಗಿ ಮಿನಾಕ್ಸಿಡಿಲ್ ಇದೆ. ರಕ್ತದೊತ್ತಡ ಇಳಿಸಲು ಮಾಡಿದ ಮಾತ್ರೆ ಅದು. ತಿಂದ ರೋಗಿಗಳಿಗೆ ಮೈಮೇಲೆಲ್ಲ ಕೂದಲು ಬಂದದ್ದನ್ನು ಕಂಡು, 1988ರಲ್ಲಿ ಅಮೆರಿಕದಲ್ಲಿ ಬೋಳುತಲೆಗೆ ಹಚ್ಚುವ ಔಷಧಿಯಾಗಿ ಒಪ್ಪಿಗೆ ಪಡೆಯಿತು. ಕೆನ್ನೆಗೆ ಯಾರೂ ಒಪ್ಪಿಗೆ ಕೊಟ್ಟಿಲ್ಲ, ನಮ್ಮವರು ಕಾದೂ ಇಲ್ಲ. ಅಪ್ಪ ಬಿ.ಪಿ. ಮಾತ್ರೆ ನುಂಗಿ ಮಲಗುತ್ತಾನೆ, ಮಗ ಅದರ ವಂಶದ ಔಷಧಿಯನ್ನು ಗಲ್ಲಕ್ಕೆ ಹಚ್ಚಿ ಮಲಗುತ್ತಾನೆ. ಎರಡು ತಲೆಮಾರು ಇಷ್ಟು ಹತ್ತಿರ ಬಂದದ್ದು ಈಚೆಗೆ ಕಂಡಿಲ್ಲ.

ಬಣ್ಣದ ವಿಷಯದಲ್ಲಿ ನಮ್ಮವರ ಧೈರ್ಯ ಇನ್ನೂ ದೊಡ್ಡದು. 2005ರಲ್ಲಿ ಗಂಡಸರಿಗೆಂದೇ ಬಿಳಿಯಾಗುವ ಕ್ರೀಮು ಬರುವವರೆಗೆ ಪಾಪ, ಮನೆಯ ಹೆಂಗಸರ ಟ್ಯೂಬನ್ನೇ ಕದ್ದು ಹಚ್ಚಬೇಕಿತ್ತು. ಈಗಿನವರು ಜಾಹೀರಾತಿನ ಕ್ರೀಮಿಗೆಲ್ಲ ಬಗ್ಗುವುದಿಲ್ಲ. ನೇರ ಮೆಡಿಕಲ್ ಶಾಪಿಗೆ ಹೋಗಿ, ‘ಅಣ್ಣಾ, ಬೆಳ್ಳಗಾಗೋದು ಒಂದು ಕೊಡ್ರಿ’ ಎನ್ನುತ್ತಾರೆ. ಚರ್ಮದ ಡಾಕ್ಟರು ಹತ್ತು ಪ್ರಶ್ನೆ ಕೇಳುತ್ತಾರೆ. ಅಂಗಡಿಯಣ್ಣ ಒಂದನ್ನೂ ಕೇಳುವುದಿಲ್ಲ. ಸ್ಟೀರಾಯ್ಡ್ ಬೆರೆತ ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿತಂತೆ. ಆ ನಿಯಮ ಇನ್ನೂ ದಾರಿಯಲ್ಲಿದೆ, ನಮ್ಮ ಕಡೆ ಬಸ್ಸು ಕಡಿಮೆ. ಹಚ್ಚಿದ ಕೆಲವೇ ದಿನಕ್ಕೆ ಮುಖ ಬೆಳ್ಳಗಾಗುತ್ತದೆ. ಆಮೇಲೆ ಚರ್ಮ ತೆಳುವಾಗಿ ನೆತ್ತರಿನ ಎಳೆಗಳು ಕಾಣುತ್ತವೆ, ಮೊಡವೆ ಏಳುತ್ತವೆ, ಬಿಸಿಲಿಗೆ ಉರಿಯುತ್ತದೆ, ಬೇಡದ ಕಡೆ ಕೂದಲು ಬರುತ್ತದೆ. ಬಿಟ್ಟರೆ ಇನ್ನೂ ಕೆಂಪಾಗುತ್ತದೆ, ಆದ್ದರಿಂದ ಬಿಡುವುದಿಲ್ಲ. ಬೆಳ್ಳಗಾಗಲು ಹೋಗಿ ಕೆಂಪಗಾಗುವುದು ಕೆಂಪಡಿಕೆ ಸೀಮೆಗೆ ಹೊಸದೇನಲ್ಲ.

ಇಷ್ಟೆಲ್ಲ ತಪಸ್ಸು ಯಾಕೆ ಎಂದು ಕೇಳುವವರು ಊರಿನ ಮದುವೆಯಾಗದ ಗಂಡುಗಳನ್ನು ಎಣಿಸಲಿ. ರೈತನಿಗೆ ಹೆಣ್ಣು ಕೊಡುವವರಿಲ್ಲ ಎಂಬ ಕೂಗು ರಾಜ್ಯದ ತುಂಬ ಇದೆ. 2022ರ ನವೆಂಬರಿನಲ್ಲಿ ಆದಿಚುಂಚನಗಿರಿಯ ವಧು-ವರರ ಸಮಾವೇಶಕ್ಕೆ ಹುಡುಗರು ಸಾವಿರ ಸಾವಿರ ಬಂದರು, ಹುಡುಗಿಯರು ಬೆರಳೆಣಿಕೆಯ ನೂರುಗಳಲ್ಲಿದ್ದರು. 2023ರ ಫೆಬ್ರುವರಿಯಲ್ಲಿ ಮಂಡ್ಯದ ಬ್ರಹ್ಮಚಾರಿಗಳು ಕೆ.ಎಂ. ದೊಡ್ಡಿಯಿಂದ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಮಾಡಿದರು. ಅದೇ ವರ್ಷದ ಕೊನೆಗೆ ಅದೇ ಮಂಡ್ಯದ ಒಂದು ಆಲೆಮನೆಯಲ್ಲಿ ಹೆಣ್ಣುಭ್ರೂಣ ಪತ್ತೆ ಮಾಡುವ ಸ್ಕ್ಯಾನಿಂಗ್ ನಡೆಯುತ್ತಿತ್ತೆಂದು ಪೊಲೀಸರು ಹೇಳಿದರು. ಈ ಎರಡು ಸುದ್ದಿಗಳನ್ನು ಪಕ್ಕಪಕ್ಕ ಇಟ್ಟು ಯೋಚಿಸುತ್ತಾ ಕೂತರೆ ಹಣೆಯ ಮೇಲೆ ಗೆರೆ ಬೀಳುತ್ತದೆ. ನಮ್ಮ ಹುಡುಗರು ಹಣೆ ಗೆರೆಗೆ ಸೀರಂ ಹಚ್ಚುವವರು, ಆದ್ದರಿಂದ ಯೋಚಿಸುವುದಿಲ್ಲ.

ಹೆಣ್ಣು ನೋಡಲು ಹೊರಟಾಗ ಈ ಮುಖಗಳ ಕಾಂತಿಯನ್ನು ನೀವು ನೋಡಬೇಕು. ಹೆಣ್ಣಿನ ಮನೆಯಲ್ಲಿ ಅವಲಕ್ಕಿ, ಮಂಡಕ್ಕಿ, ಚಹಾ ಆಗುತ್ತದೆ. ಪಡಸಾಲೆಯ ಮೂಲೆಯಲ್ಲಿ ಕೂತ ಅಜ್ಜಿ ಹುಡುಗನನ್ನು ಮೇಲಿಂದ ಕೆಳಗೆ ನೋಡಿ, ‘ಮಕ ಚಲೋ ಐತಿ ಬಿಡ್ರಿ. ಎಲ್ಲಿ, ಕೈ ತೋರ್ಸಪ್ಪಾ’ ಎನ್ನುತ್ತಾಳೆ. ಕೈ ಮೃದುವಾಗಿದೆ, ಚೊಗರಿನ ಕಲೆ ಒಂದೂ ಇಲ್ಲ. ‘ಹಂಗಾರೆ ತ್ವಾಟ ಯಾರು ನೋಡ್ಕಂತಾರ್ರಿ?’ ಎಂದು ಅಜ್ಜಿ ಕೇಳಿದರೆ, ಮಧ್ಯಸ್ಥಿಕೆಯವರು ‘ಇನ್ನೂ ಅವರಪ್ಪಾರು ಗಟ್ಟಿ ಅದಾರ್ರಿ’ ಎಂದು ಮರ್ಯಾದೆ ಉಳಿಸುತ್ತಾರೆ. ನಂತರ ಫೋನು ಬರುವುದಿಲ್ಲ.

ಇದರಿಂದ ಎದೆಗುಂದಬೇಕಾಗಿಲ್ಲ. ನಾಲ್ಕು ತಾಲ್ಲೂಕಿನ ಸಲೂನು ಮಾಲೀಕರಲ್ಲಿ ನನ್ನದೊಂದು ವಿನಂತಿ: ದರಪಟ್ಟಿಯಲ್ಲಿ ಗೋಲ್ಡ್ ಫೇಶಿಯಲ್ಲಿನ ಕೆಳಗೆ ‘ರೈತ ಫಿನಿಶಿಂಗ್’ ಎಂಬ ಹೊಸ ಸೇವೆ ಸೇರಿಸಿರಿ. ಅಂಗೈಗೆ ಎರಡು ಕೋಟ್ ಚೊಗರು, ಹೆಬ್ಬೆರಳ ಬುಡಕ್ಕೆ ಒಂದು ಜಡ್ಡು, ಉಗುರ ಸಂದಿಯಲ್ಲಿ ಅಳತೆಗೆ ತಕ್ಕಷ್ಟು ಮಣ್ಣು. ಮಣ್ಣು ಜಗಳೂರಿನದೇ ಇರಲಿ, ಒಣಗಿದ್ದು ಬೇಗ ಉದುರುತ್ತದೆ, ಹೆಣ್ಣು ನೋಡಿ ವಾಪಸ್ ಬರುವಷ್ಟರಲ್ಲಿ ಕೈ ಮತ್ತೆ ಸ್ವಚ್ಛ. ರೇಟು ಅಂದಂದಿನ ರಾಶಿ ಧಾರಣೆ ನೋಡಿ ಹಾಕಿಕೊಳ್ಳಬಹುದು. ಮಂಗಳವಾರ ಮುಹೂರ್ತ ಬಂದರೆ ಹಿಂಬಾಗಿಲು ತೆಗೆದಿಡಿ.