ಹಾರದ ದಿನದ ಆರೈಕೆ

ಪಕ್ಕದ ಮನೆಯ ಮೇಷ್ಟ್ರು ಮಗಳ ಊರಿನಲ್ಲಿ ಮೂರು ತಿಂಗಳಿದ್ದು ಮೊನ್ನೆ ವಾಪಸ್ ಬಂದರು. ಬೆಳಿಗ್ಗೆ ಕಾಂಪೌಂಡ್ ಗೋಡೆಯ ಆಚೆಯಿಂದ ಕಾರಿನ ಕಟಕಟ ಸದ್ದು. ಆ ಸದ್ದು ಕೇಳಿದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಕಾಫಿ ಲೋಟ ಕೈಯಲ್ಲೇ ಹಿಡಿದು ಗೋಡೆ ಹತ್ತಿರ ಹೋದೆ.

"ಮೇಷ್ಟ್ರೇ, ಇನ್ನು ಸೆಲ್ಫ್ ಹೊಡೀಬೇಡಿ. ಬ್ಯಾಟರಿ ಇಳಿದುಹೋಗಿದೆ."

"ಅದು ಹೇಗೆ ಸಾರ್? ಮೂರು ತಿಂಗಳು ಗಾಡಿ ಮುಟ್ಟೇ ಇಲ್ಲ. ಉಪಯೋಗಿಸದೆ ಖಾಲಿಯಾಗೋದು ಅಂದ್ರೆ?"

"ಮುಟ್ಟದೇ ಇದ್ದದ್ದಕ್ಕೇ ಖಾಲಿಯಾಗಿದೆ."

ಅಷ್ಟರಲ್ಲಿ ಜಕ್ಕೂರಿನ ಕಡೆಯಿಂದ ಒಂದು ಪುಟ್ಟ ಸೆಸ್ನಾ ನಮ್ಮ ತಲೆಯ ಮೇಲೆ ಹಾದುಹೋಯಿತು. ಮೇಷ್ಟ್ರು ತಲೆಯೆತ್ತಿ ನೋಡಿ, "ನೀವು ವಿಮಾನ ರಿಪೇರಿ ಮಾಡಿದವರು. ಅದರ ಬ್ಯಾಟರಿಗೂ ಇದೇ ಗತಿಯೇನು?" ಅಂದರು. ಆಮೇಲೆ ನಾವಿಬ್ಬರೂ ತಿಂಡಿಗೆ ಹೋದದ್ದು ಹತ್ತು ಗಂಟೆಗೆ.

ಇದೇ ಗತಿ. ಇನ್ನೂ ಸ್ವಲ್ಪ ಹೆಚ್ಚೇ. ಅಲ್ಲಿಯೂ ಹೆಚ್ಚಾಗಿ ಇರುವುದು ಸೀಸ ಮತ್ತು ಆಸಿಡ್ಡಿನ ಬ್ಯಾಟರಿಯೇ. ತೂಕ ಉಳಿಸಲು ಒಳಗಿನ ಫಲಕಗಳನ್ನು ತೆಳ್ಳಗೆ ಮಾಡಿರುತ್ತಾರೆ. ಸುಮ್ಮನೆ ಇಟ್ಟರೂ ಚಾರ್ಜ್ ಒಳಗಿಂದೊಳಗೇ ಸೋರುತ್ತದೆ. ಸೆಕೆ 10 ಡಿಗ್ರಿ ಏರಿದರೆ ಸೋರುವ ವೇಗ ಸುಮಾರು ದುಪ್ಪಟ್ಟು. ಬೇಸಿಗೆಯಲ್ಲಿ ತಗಡಿನ ಹ್ಯಾಂಗರಿನೊಳಗೆ ನಿಂತ ವಿಮಾನವನ್ನು ನೆನೆಸಿಕೊಳ್ಳಿ. ಚಾರ್ಜ್ ಇಳಿದಷ್ಟೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಅದು ಕರಗಿಹೋಗುತ್ತದೆ. ವಾರಗಟ್ಟಲೆ ಬಿಟ್ಟರೆ ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ತಳಕ್ಕೆ ಬಿಳಿ ಪಕ್ಕು ಹಿಡಿಯುತ್ತದಲ್ಲ, ಹಾಗೆ ಗಟ್ಟಿಯಾಗುತ್ತದೆ. ಆಮೇಲೆ ಅದು ಏಳುವುದು ಕಷ್ಟ. ಅಷ್ಟರಮಟ್ಟಿಗೆ ಬ್ಯಾಟರಿ ಕುಗ್ಗಿತು ಎಂದೇ ಅರ್ಥ.

ಇದರ ಮೇಲೆ ಸಣ್ಣಪುಟ್ಟ ಕಳ್ಳದಾರಿಗಳು. ಮಾಸ್ಟರ್ ಸ್ವಿಚ್ ಆರಿಸಿದ್ದರೂ ಕೆಲವು ವಿಮಾನಗಳಲ್ಲಿ ಗಡಿಯಾರ ನೇರವಾಗಿ ಬ್ಯಾಟರಿಯಿಂದಲೇ ನಡೆಯುತ್ತಿರುತ್ತದೆ. ಹಳೆಯ ಸೆಸ್ನಾಗಳಲ್ಲಿ ಹತ್ತಿ ಇಳಿಯುವವರಿಗೆ ಬೆಳಕಾಗಲಿ ಎಂದು ರೆಕ್ಕೆಯಡಿ ಇಟ್ಟ ಚಿಕ್ಕ ದೀಪವೂ ಹಾಗೆಯೇ. ಸಂಜೆ ಹೊತ್ತಿಸಿದವರು ಮರೆತು ಹೋದರೆ ಹಗಲಿನಲ್ಲಿ ಅದು ಉರಿಯುತ್ತಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮಾಸ್ಟರ್ ಸ್ವಿಚ್ಚನ್ನೇ ಆರಿಸದೆ ಹೋದರಂತೂ ಮುಗಿದೇ ಹೋಯಿತು. ಇದಕ್ಕೆ ಹಳೆಯ ಪೈಲಟ್‌ಗಳು ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ಬಾಲದ ತುದಿಯಲ್ಲಿ ಮಿನುಗುವ ಕೆಂಪು ದೀಪದ ಸ್ವಿಚ್ಚನ್ನು ಅವರು ಆರಿಸುವುದೇ ಇಲ್ಲ. ಮಾಸ್ಟರ್ ಆರಿಸಿದರೆ ಅದೂ ತಾನಾಗಿ ಆರುತ್ತದೆ. ಮರೆತರೆ ನಾಲ್ಕು ಹೆಜ್ಜೆ ದೂರ ಹೋಗಿ ತಿರುಗಿ ನೋಡಿದಾಗ ಅದು ಮಿನುಗುತ್ತಲೇ ಇರುತ್ತದೆ. ದುಡ್ಡು ಕಾಸಿನ ಖರ್ಚಿಲ್ಲ, ಹೊಸ ಉಪಕರಣ ಬೇಕಿಲ್ಲ.

ನಾನು ಹೊರರಾಜ್ಯದ ಒಂದು ತರಬೇತಿ ಶಾಲೆಯಲ್ಲಿದ್ದಾಗ ನಡೆದದ್ದು. ಮಳೆಗಾಲ. ಶುಕ್ರವಾರ ಸಂಜೆ ಒಬ್ಬ ವಿದ್ಯಾರ್ಥಿ ಸೆಸ್ನಾ 172 ನಿಲ್ಲಿಸಿ ಮಳೆಗೆ ಓಡಿಹೋಗಿದ್ದ. ಶನಿವಾರ, ಭಾನುವಾರ ಜಡಿಮಳೆ, ಯಾರೂ ಹಾರಲಿಲ್ಲ. ಸೋಮವಾರ ಆಕಾಶ ತಿಳಿಯಾಯಿತು. ಇನ್ನೊಬ್ಬ ಹುಡುಗಿ ದೂರದ ಊರಿಗೆ ಒಂಟಿಯಾಗಿ ಹಾರಬೇಕಿತ್ತು. ನಕ್ಷೆ ಹಿಡಿದು ತಯಾರಾಗಿ ನಿಂತಿದ್ದಳು. ಕೀಲಿ ತಿರುಗಿಸಿದರೆ ಪ್ರೊಪೆಲ್ಲರ್ ಅಲುಗಲಿಲ್ಲ. ನೋಡಿದರೆ ಮಾಸ್ಟರ್ ಸ್ವಿಚ್ ಮೂರು ದಿನದಿಂದ ಹಾಕಿದ್ದು ಹಾಕಿದಂತೆಯೇ ಇದೆ.

ಕಲಿಸುವವರಿಗೆ ಅವಸರ. "ಹೊರಗಿನ ಪವರ್ ಕೊಟ್ಟು ಸ್ಟಾರ್ಟ್ ಮಾಡಿಬಿಡಿ. ಒಮ್ಮೆ ಎಂಜಿನ್ ಓಡಿದರೆ ಆಲ್ಟರ್ನೇಟರ್ ಚಾರ್ಜ್ ಮಾಡಿಕೊಳ್ಳುತ್ತೆ" ಅಂದರು.

ಈ ಮಾತು ಕೇಳಲು ಸರಿಯಾಗಿಯೇ ಇದೆ. ಇಂಥ ವಿಮಾನದ ಎಂಜಿನ್ನಿಗೆ ಕಿಡಿ ಕೊಡುವುದು ಮ್ಯಾಗ್ನೆಟೊ. ಅದು ಎಂಜಿನ್ ತಿರುಗುವ ಬಲದಿಂದಲೇ ನಡೆಯುತ್ತದೆ, ಬ್ಯಾಟರಿಯ ಹಂಗಿಲ್ಲ. ಬ್ಯಾಟರಿ ಸತ್ತರೂ ಎಂಜಿನ್ ನಿಲ್ಲುವುದಿಲ್ಲ. ಅದಕ್ಕೇ ಬ್ಯಾಟರಿಯೆಂದರೆ ಹಲವರಿಗೆ ಅಸಡ್ಡೆ. ಆದರೆ ಮೋಡದ ನಡುವೆ ಆಲ್ಟರ್ನೇಟರ್ ಕೈಕೊಟ್ಟರೆ? ರೇಡಿಯೊ, ದಾರಿ ತೋರುವ ಪರದೆ, ದೀಪ, ಸೆಸ್ನಾ 172ರಲ್ಲಿ ರೆಕ್ಕೆಯ ಫ್ಲಾಪ್ ಕೂಡ, ಎಲ್ಲ ಆಗ ಆ ಒಂದು ಪೆಟ್ಟಿಗೆಯನ್ನೇ ನಂಬಿರುತ್ತವೆ. ಅಂಥ ಹೊತ್ತಿನಲ್ಲಿ ಬ್ಯಾಟರಿ ಕನಿಷ್ಠ 30 ನಿಮಿಷ ಅಗತ್ಯದ ಉಪಕರಣಗಳನ್ನು ನಡೆಸಬೇಕೆಂದು ಅಮೆರಿಕದ ವಿನ್ಯಾಸ ನಿಯಮಗಳು 2017ರ ತನಕ ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ. ಪೂರ್ತಿ ಬರಿದಾದ ಬ್ಯಾಟರಿ ಆಲ್ಟರ್ನೇಟರಿನಿಂದ ಒಮ್ಮೆಲೇ ವಿಪರೀತ ಕರೆಂಟ್ ಎಳೆದು ಬಿಸಿಯಾಗುತ್ತದೆ. ಒಂದು ಗಂಟೆಯ ಹಾರಾಟದಲ್ಲಿ ಅದು ತುಂಬುವುದೂ ಇಲ್ಲ.

ನಾನು ಬ್ಯಾಟರಿ ಬಿಚ್ಚಿದೆ. ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್. ಹುಡುಗಿಯ ಮುಖ ಸಪ್ಪಗಾಯಿತು, ನನಗೂ ಬೇಸರವಾಯಿತು. ನಿಧಾನವಾಗಿ ಚಾರ್ಜ್ ಮಾಡಿ ತಣಿಯಲು ಬಿಟ್ಟು ಅಳೆದರೆ ಮೀಟರಿನಲ್ಲಿ 25.5 ವೋಲ್ಟ್. ನೋಡಲು ಭೇಷಾಗಿದೆ. (ಹೆಸರಿಗೆ 24 ವೋಲ್ಟಿನ ಬ್ಯಾಟರಿ, ಮೀಟರ್ ಬರೀ 24 ತೋರಿಸಿತೆಂದರೆ ಅದು ಬಹುಪಾಲು ಖಾಲಿಯೇ.) ಆದರೆ ವೋಲ್ಟ್ ನೋಡಿ ತಾಳಿಕೆ ಹೇಳಲಾಗದು. ಲೋಟ ತುಂಬಿದೆಯೋ ಇಲ್ಲವೋ ಎಂಬುದನ್ನು ವೋಲ್ಟ್ ಹೇಳುತ್ತದೆ. ಲೋಟ ಎಷ್ಟು ದೊಡ್ಡದು ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಇರುವ ಪರೀಕ್ಷೆ ಬೇರೆ. ಹೊಸ ಬ್ಯಾಟರಿಯನ್ನು ಒಂದು ಗಂಟೆಯಲ್ಲಿ ಬರಿದಾಗಿಸುವಷ್ಟು ಕರೆಂಟ್ ಎಳೆಯುತ್ತ, 20 ವೋಲ್ಟಿಗೆ ಇಳಿಯುವ ತನಕ ಗಡಿಯಾರ ನೋಡುತ್ತ ಕೂರಬೇಕು. ನಮ್ಮ ಕೈಪಿಡಿಯ ಪ್ರಕಾರ ಶೇ. 80, ಅಂದರೆ 48 ನಿಮಿಷ ತಾಳದಿದ್ದರೆ ಅದು ವಿಮಾನಕ್ಕೆ ಸಲ್ಲದು. ನಮ್ಮದು 41ಕ್ಕೆ ಕುಸಿಯಿತು. ಹೊಸದು ಬಂದ ಮೇಲೆಯೇ ಆ ಹುಡುಗಿ ಹಾರಿದಳು.

"ಹಾಗಾದರೆ ನಿಂತ ವಿಮಾನವನ್ನು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಓಡಿಸಿದರಾಯ್ತಲ್ಲ?" ಅಂದರು ಮೇಷ್ಟ್ರು. ಎಲ್ಲರೂ ಇದನ್ನೇ ಕೇಳುತ್ತಾರೆ. ಬೇಡ. ಸೆಲ್ಫ್ ಹೊಡೆದಾಗ ಖರ್ಚಾದದ್ದು ನೆಲದ ಮೇಲಿನ ನಿಧಾನದ ಓಟದಲ್ಲಿ ಸರಿಯಾಗಿ ವಾಪಸ್ ಬರುವುದಿಲ್ಲ. ಎಂಜಿನ್ ಆಯಿಲ್ ಪೂರ್ತಿ ಬಿಸಿಯಾಗದೆ ಒಳಗೆ ನೀರಿನ ಪಸೆ ಉಳಿದು ತುಕ್ಕಿಗೆ ದಾರಿಯಾಗುತ್ತದೆ. ಹಾರಿಸುವುದಾದರೆ ಹಾರಿಸಿ, ಇಲ್ಲವಾದರೆ ಚಾರ್ಜರ್ ಹಾಕಿ.

ಚಾರ್ಜರ್ ಎಂದರೆ ಯಾವುದೋ ಒಂದಲ್ಲ. ಹಗಲಿರುಳು ಒಂದೇ ಸಮ ತಳ್ಳುವ ಅಗ್ಗದ ಚಾರ್ಜರ್ ಬ್ಯಾಟರಿಯನ್ನು ಒಣಗಿಸುತ್ತದೆ. ತುಂಬಿದ ಮೇಲೆ ತಾನೇ ತಗ್ಗಿ, ಸೆಕೆ ಚಳಿಗೆ ತಕ್ಕಂತೆ ವೋಲ್ಟ್ ಹೊಂದಿಸಿಕೊಳ್ಳುವಂಥದ್ದು, ಬ್ಯಾಟರಿ ತಯಾರಿಸಿದವರು ಒಪ್ಪಿದ್ದು ಬೇಕು. ಈಗ ಹೆಚ್ಚಾಗಿ ಬರುವ ಮುಚ್ಚಿದ ಬ್ಯಾಟರಿಗೆ ನೀರು ಹಾಕುವ ಹಾಗಿಲ್ಲ, ಆದ್ದರಿಂದ ಒಮ್ಮೆ ಒಣಗಿದರೆ ಹೋಯಿತು. ನೀರು ಹಾಕುವ ಹಳೆಯ ಬಗೆಯದಾದರೆ ಮನೆಯ ಯುಪಿಎಸ್‌ಗೆ ಹಾಕುವಂತೆ ಡಿಸ್ಟಿಲ್ಡ್ ವಾಟರ್ ಮಾತ್ರ, ಅದೂ ಚಾರ್ಜ್ ಆದ ಮೇಲೆ. ಮೊದಲೇ ತುಂಬಿಸಿದರೆ ಚಾರ್ಜ್ ಆಗುವಾಗ ಉಕ್ಕಿ ಆಸಿಡ್ ಚೆಲ್ಲುತ್ತದೆ, ಲೋಹ ತಿನ್ನುತ್ತದೆ. ಹಾಗೆ ಚೆಲ್ಲಿದ್ದನ್ನು ಅಡುಗೆ ಸೋಡಾ ಕದಡಿದ ನೀರಿನಲ್ಲಿ ಒರೆಸಬೇಕು. ಆ ನೀರು ಮಾತ್ರ ಬ್ಯಾಟರಿಯೊಳಗೆ ಒಂದು ಹನಿಯೂ ಹೋಗಬಾರದು.

ಮೇಷ್ಟ್ರ ಕಾರಿನ ಬ್ಯಾಟರಿ ಈಗ ನನ್ನ ವರಾಂಡದಲ್ಲಿ ಚಾರ್ಜ್ ಆಗುತ್ತಿದೆ. ಅವರ ಮೊಮ್ಮಗನಿಗೆ ಪೈಲಟ್ ಆಗುವ ಆಸೆಯಂತೆ. ನಿಮ್ಮ ಮನೆಯಲ್ಲೂ ಅಂಥ ಮಕ್ಕಳಿದ್ದರೆ ನನ್ನದೊಂದು ಮಾತು ತಲುಪಿಸಿ: ವಿಮಾನ ನಿಲ್ಲಿಸಿ ಹೊರಟಾಗ, ಎಷ್ಟೇ ಮಳೆಯಿರಲಿ, ಒಮ್ಮೆ ತಿರುಗಿ ಬಾಲದ ದೀಪ ನೋಡಲು ಹೇಳಿ.