ಸುಡುಮಣ್ಣಿಗೆ ಮುಹೂರ್ತ

ಒಣಗಿದ ಎಲೆ ಕಂಡರೆ ನಮ್ಮ ಮಾವನವರ ಕೈ ತುರಿಸುತ್ತದೆ. ಪುತ್ತೂರಿನ ಕಡೆಯವರು. ಮರ ಎಲೆ ಉದುರಿಸುವುದೇ ಸುಡುಮಣ್ಣಿಗಾಗಿ ಎಂದು ನಂಬಿದವರು. ತರಗೆಲೆ, ಕಡ್ಡಿಕಸ ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಒಳಗೊಳಗೇ ಬೇಯುವ ಹಾಗೆ ಬೆಂಕಿ ಕೊಟ್ಟು ಕೆಲವು ದಿನ ಬಿಟ್ಟರೆ ಹುಡಿಹುಡಿಯಾದ ಮಣ್ಣು ಸಿಗುತ್ತದೆ. ಅದು ಬಿದ್ದ ಮೇಲೆ ಮಲ್ಲಿಗೆ ಬಳ್ಳಿಗೆ ಹೂ ಬಿಡದೆ ಬೇರೆ ದಾರಿಯಿಲ್ಲವಂತೆ.

ಸಂಕ್ರಾಂತಿಗೆಂದು ಮಗಳ ಮನೆಗೆ, ಹೈದರಾಬಾದಿನ ಕೂಕಟ್‌ಪಲ್ಲಿಗೆ, ಬಂದವರು ಚಹಾ ಕುಡಿಯುವ ಮೊದಲೇ ಹಿತ್ತಲು ನೋಡಿದರು. ಹಿತ್ತಲೆಂದರೆ ಹೌಸಿಂಗ್ ಬೋರ್ಡ್ ಕಾಲೊನಿಯ ಹಳೇ ಮನೆಯ ಹಿಂದೆ ಒಂದು ಮಂಚ ಹಿಡಿಯುವಷ್ಟು ಮಣ್ಣು, ಒಂದು ಬೇವು, ಗೋಡೆಯಾಚೆಯಿಂದ ಬಗ್ಗಿರುವ ಬಾದಾಮಿ ಮರ. "ಎಲೆ ಧಾರಾಳ ಉಂಟು, ಬೆಂಕಿ ಹಾಕುವ," ಎಂದರು.

ಮರುದಿನ ನಸುಕಿನಲ್ಲೇ ಅವರ ಉತ್ಸಾಹಕ್ಕೆ ಬೀದಿಯೇ ತುಪ್ಪ ಸುರಿಯಿತು. ಅಂದು ಭೋಗಿ, ಸಂಕ್ರಾಂತಿಯ ಮುನ್ನಾದಿನ. ಕಾಲೊನಿಯಲ್ಲಿ ಕರಾವಳಿ ಆಂಧ್ರದವರು ಬಹಳ. ಊರಿಗೆ ಹೋಗದೆ ಉಳಿದವರೆಲ್ಲ ಶಾಲು ಹೊದ್ದು ಬೀದಿ ನಡುವೆ ಬೆಂಕಿ ಹಾಕಿದ್ದರು. ಮುರಿದ ಕುರ್ಚಿ, ಸವೆದ ಪೊರಕೆ, ಹಳೇ ಚಾಪೆ ಒಂದೊಂದಾಗಿ ಸ್ವರ್ಗಕ್ಕೆ ಹೋಗುತ್ತಿದ್ದವು. ಮಕ್ಕಳು ಪುಟ್ಟ ಬೆರಣಿಗಳ ಹಾರ ತಂದು ಹಾಕುತ್ತಿದ್ದರು. ನಮ್ಮ ಮಂಡ್ಯ ಕಡೆ ಸಂಕ್ರಾಂತಿ ಸಂಜೆ ದನಗಳನ್ನು ಕಿಚ್ಚು ಹಾಯಿಸುತ್ತಾರೆ. ದನ ಆಚೆಗೆ ಹಾರಿ ಮನೆಗೆ ಬರುತ್ತದೆ. ಇಲ್ಲಿ ಕುರ್ಚಿ ಹಾರಿದರೆ ಮರಳುವುದಿಲ್ಲ, ಅಷ್ಟೇ ವ್ಯತ್ಯಾಸ. "ಇಲ್ಲಿ ಬೆಂಕಿಗೆ ಯಾರದ್ದೂ ತಕರಾರಿಲ್ಲ," ಎಂದು ಮಾವನವರು ತೀರ್ಮಾನಿಸಿದರು.

ತಕರಾರು ಇದೆ ಎಂದು ನಾನು ಹೇಳಬೇಕಾಯಿತು. ಬೀದಿಯಲ್ಲಿ, ಬಯಲಿನಲ್ಲಿ ಕಸ ಸುಡಬಾರದೆಂದು 2016ರ ಘನತ್ಯಾಜ್ಯ ನಿಯಮ ಹೇಳಿತು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇಡೀ ದೇಶಕ್ಕೆ ಅನ್ವಯಿಸುವಂತೆ ದಂಡವನ್ನೂ ಗೊತ್ತುಮಾಡಿತು: ಸಣ್ಣಪುಟ್ಟ ಬೆಂಕಿಗೆ 5,000 ರೂಪಾಯಿ, ದೊಡ್ಡ ರಾಶಿಗೆ 25,000. "ಹಾಗಾದರೆ ಪರ್ಮಿಟ್ಟು ಯಾರು ಕೊಡುವುದು?" ಎಂದು ಮಾವನವರು ಕೇಳಿದರು. ಯಾರೂ ಕೊಡುವುದಿಲ್ಲ ಎಂದೆ. ಕೊಡುವವರೇ ಇಲ್ಲದ ಪರ್ಮಿಟ್ಟಿನ ಮೇಲೆ ಅವರಿಗೆ ನಂಬಿಕೆ ಬರಲಿಲ್ಲ. ಕ್ಯಾಲಿಫೋರ್ನಿಯಾದ ಗುಡ್ಡಗಾಡಿನಲ್ಲಿ ಮನೆ ಮಾಡಿರುವ ಮಗನಿಗೆ ಫೋನು ಹಚ್ಚಿದರು.

ಅಲ್ಲಿ ಹಿತ್ತಲ ಎಲೆ ಸುಡಲು ಪರವಾನಗಿ ಉಂಟಂತೆ. ರಾಶಿ 4 ಅಡಿ ಅಗಲ, 4 ಅಡಿ ಎತ್ತರ ಮೀರಬಾರದು. ಸುತ್ತಲೂ 10 ಅಡಿ ಬರೀ ಮಣ್ಣು ಕಾಣಬೇಕು. ನೀರು, ಸಲಿಕೆ ಪಕ್ಕದಲ್ಲಿರಬೇಕು. ಪ್ರಾಯಕ್ಕೆ ಬಂದವರೊಬ್ಬರು ಕದಲದೆ ಕಾಯಬೇಕು. ಇಷ್ಟಾದರೂ, ಇವತ್ತು ಸುಡುವ ದಿನವೋ ಅಲ್ಲವೋ ಎಂದು ಮೊದಲು ವಿಚಾರಿಸಿಕೊಳ್ಳಬೇಕು. ಗಾಳಿ ಎದ್ದು ತೇವಾಂಶ ಇಳಿದರೆ ಹವಾಮಾನ ಇಲಾಖೆ ಕೆಂಪು ಬಾವುಟದ ಎಚ್ಚರಿಕೆ ಹೊರಡಿಸುತ್ತದೆ. ಮಾವನವರು ಟೇಪು ಹಿಡಿದು ಹಿತ್ತಲು ಅಳೆದರು. ಅಮೆರಿಕದ ಲೆಕ್ಕದ ಪ್ರಕಾರ ನಮ್ಮ ಬಚ್ಚಲುಮನೆಯನ್ನೂ ಗೋಡೆಯಾಚೆಯ ಅಮ್ಮಗಾರು ಅವರ ಅಡುಗೆಮನೆಯನ್ನೂ ಕೆಡವಬೇಕಿತ್ತು.

ಹವಾಮಾನದ ಮಾತು ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಜನವರಿಯ ರಾತ್ರಿ ನೆಲ ತಣ್ಣಗಾಗಿ, ತಂಪು ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ಮುಚ್ಚಳವಾಗಿ ಕೂರುತ್ತದೆ. ಹೊಗೆ ಮೇಲೇರಲಾರದೆ ಮನೆಮನೆಗೆ ನುಗ್ಗುತ್ತದೆ. 2018ರ ಭೋಗಿಯಂದು ಚೆನ್ನೈ ವಿಮಾನ ನಿಲ್ದಾಣದಲ್ಲಿ ವಿಮಾನಗಳೇ ಇಳಿಯಲಾರದೆ ಬೇರೆ ಊರಿಗೆ ಹೋದವು. ಏಪ್ರಿಲ್ ಮೇ ಬಂದರೆ ಪಾದರಸ 40 ದಾಟಿ, ಕಾದ ನೆಲದಿಂದ ಗಾಳಿ ಏರುತ್ತ ಹೊಗೆಯನ್ನು ಎತ್ತಿಕೊಂಡು ಹೋಗುತ್ತದೆ. ಆದರೆ ಒಂದು ಕಿಡಿ ಸಾಕು, ಬೀದಿಯ ತರಗೆಲೆಯೆಲ್ಲ ಹತ್ತಲು. ಚಳಿಗಾಲದಲ್ಲಿ ಬೆಂಕಿ ಸಂಭಾವಿತ, ಹೊಗೆ ಪುಂಡ. ಬೇಸಿಗೆಯಲ್ಲಿ ಹೊಗೆ ಸಂಭಾವಿತ, ಬೆಂಕಿ ಪುಂಡ.

ಇದೆಲ್ಲ ವಿವರಿಸಿದರೂ ಮಾವನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಅವರು ನಿಂತದ್ದು ಅಮ್ಮಗಾರು ಅವರ ಮಾತಿಗೆ. ಭೀಮವರದ ಆ ಹೆಂಗಸು ಗೋಡೆಯ ಮೇಲೆ ತಲೆ ಹಾಕಿ, "ಬಾಬಾಯ್‌ಗಾರೂ, ಈ ರೋಜು ವದ್ದಂಡೀ," ಎಂದರೆ ಅಂದಿಗೆ ಬೆಂಕಿ ಬೇಡ. ಫೆಬ್ರುವರಿಯಲ್ಲಿ ತಾರಸಿಯ ಮೇಲೆ ವಡಿಯಾಲು, ಅಂದರೆ ಸಂಡಿಗೆ, ಒಣಗುತ್ತಿತ್ತು. ಹೊಗೆ ತಾಗಿದರೆ ವರ್ಷವಿಡೀ ಹೊಗೆ ತಿನ್ನಬೇಕು. ಮಾರ್ಚಿನಲ್ಲಿ ಮೊಮ್ಮಗನಿಗೆ ಇಂಟರ್ ಪರೀಕ್ಷೆ. ಆಮೇಲೆ ಆವಕಾಯಿಗೆ ಮೆಣಸಿನಕಾಯಿ ಬಿಸಿಲಿಗೆ ಬಿತ್ತು. ಉಳಿದ ದಿನಗಳಲ್ಲಿ ತಂತಿಯ ಮೇಲೆ ಬಿಳಿ ಪಂಚೆ. ಗಾಳಿ ಐಡಿಎಲ್ ಕೆರೆಯ ಕಡೆಯಿಂದ ಬೀಸಿದರೆ ಹೊಗೆ ತಮ್ಮ ಮನೆಗೆ, ಮೂಸಾಪೇಟೆಯ ಕಡೆಯಿಂದ ಬೀಸಿದರೆ ತಮ್ಮ ತಂಗಿಯ ಮನೆಗೆ ಎಂಬ ದಿಕ್ಕಿನ ಲೆಕ್ಕವೂ ಅವರ ಬಾಯಲ್ಲೇ. ಅಷ್ಟು ಸಾಲದೆಂದು, ಕಿಡಿ ಗಿಡಿ ಬಿದ್ದೀತೆಂದು, ದಿನಾ ಸಂಜೆ ಅಕ್ಕಿ ತೊಳೆದ ನೀರನ್ನು ಗೋಡೆಯಾಚೆಯಿಂದ ಮಾವನವರು ಗುಡಿಸಿಟ್ಟ ಎಲೆರಾಶಿಯ ಮೇಲೆ ಎರಚುತ್ತಿದ್ದರು. 5,000 ರೂಪಾಯಿ ದಂಡಕ್ಕೆ ಬಗ್ಗದ ಮಾವನವರು ಒಂದು ತಟ್ಟೆ ಸಂಡಿಗೆಗೆ ಬಗ್ಗಿ ಬೆಂಕಿಪೊಟ್ಟಣವನ್ನು ಜೇಬಿಗೆ ಹಾಕಿಕೊಂಡರು.

ಜೂನ್ ಬಂತು, ಮಳೆ ಹಿಡಿಯಿತು. ಸಂಡಿಗೆ ಡಬ್ಬಿ ಸೇರಿತ್ತು, ಪಂಚೆ ಒಳಗಿತ್ತು, ಮೊಮ್ಮಗ ಪಾಸಾಗಿದ್ದ, ಗಾಳಿ ಬಿದ್ದಿತ್ತು. ಧಾರಾಕಾರ ಸುರಿಯುತ್ತಿದ್ದ ಒಂದು ಬೆಳಿಗ್ಗೆ ಅಮ್ಮಗಾರು ಕೊಡೆ ಹಿಡಿದು ಗೋಡೆಯ ಬಳಿ ಬಂದು, ದೊಡ್ಡ ಮನಸ್ಸು ಮಾಡಿ, "ಬಾಬಾಯ್‌ಗಾರೂ, ಈ ರೋಜು ಕಾಲ್ಚುಕೋಂಡಿ," ಎಂದು ಸುಡಲು ಅಪ್ಪಣೆ ಕೊಟ್ಟರು.

ಮಾವನವರು ಕೋಲಿನಿಂದ ರಾಶಿ ಕೆದಕಿದರು. ಅಕ್ಕಿ ತೊಳೆದ ನೀರು ಕುಡಿದೂ ಕುಡಿದೂ ಅಡಿಯ ಎಲೆಯೆಲ್ಲ ಗೊಬ್ಬರವಾಗಿ ಎರೆಹುಳ ಹರಿದಾಡುತ್ತಿದ್ದವು. ಸುಡಲು ಏನೂ ಉಳಿದಿರಲಿಲ್ಲ. ಬೇಸರ ಮಾಡಿಕೊಂಡಾರೆಂದು ನಾನು ಸಮಾಧಾನಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು: "ಕ್ಯಾಲಿಫೋರ್ನಿಯಾದವರು ಈ ಅಮ್ಮನನ್ನು ಒಮ್ಮೆ ಕರೆಸಿಕೊಳ್ಳಬೇಕಿತ್ತು ಮಾರಾಯ್ರೆ. ಅಲ್ಲಿ ಕಾಡ್ಗಿಚ್ಚಿಗೂ ಇವತ್ತು ಬೇಡ ಅಂತಲೇ ಹೇಳಿ ಕಳಿಸುತ್ತಿದ್ದರು."